ಎತ್ತು ಹೂಡು, ಬಾಣ ಹೂಡು, ಹಣ ಹೂಡು: ‘ಹೂಡು’ ಪದದ ಬೇರು ಎಲ್ಲಿದೆ?

ಬದುವಿನಂಚು (ಶಿಗ್ಗಾವಿ)

ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಬರೆದಿಡುವ ಕೆಲಸ ಮಾಡುತ್ತಿದ್ದೇನೆ. ರಂಟೆ (ನೇಗಿಲು), ಕುಂಟೆ (ಹರಗುವ ಸಾಧನ), ಕೂರಿಗೆ (ಬಿತ್ತುವ ಸಾಧನ), ಮೇಳಿ (ನೇಗಿಲ ಹಿಡಿ), ಈಸು (ನೇಗಿಲಿನಿಂದ ನೊಗಕ್ಕೆ ಹೋಗುವ ಉದ್ದನೆಯ ಮರ), ಜತ್ತಿಗೆ (ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಪಟ್ಟಿ) ಇವೆಲ್ಲ ವಸ್ತುಗಳ ಹೆಸರು. ಚಿತ್ರ ಹಾಕಿ ಪಕ್ಕದಲ್ಲಿ ಹೆಸರು ಬರೆದರೆ ಓದುವವರಿಗೆ ತಿಳಿಯುತ್ತದೆ. ಇವನ್ನೆಲ್ಲ ಒಂದಕ್ಕೊಂದು ಸೇರಿಸಿ ಹೊಲಕ್ಕೆ ಇಳಿಸುವುದಕ್ಕೆ ಇರುವ ಮಾತು ‘ಹೂಡು’. ಅದರ ಅರ್ಥ ಬರೆಯಲು ಕೂತರೆ ಪುಟವೇ ಸಾಲುತ್ತಿಲ್ಲ.

ಎತ್ತು ಹೂಡುತ್ತೇವೆ, ಚಕ್ಕಡಿ ಹೂಡುತ್ತೇವೆ. ಬಿಲ್ಲಿಗೆ ಬಾಣ ಹೂಡುತ್ತಾರೆ. ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಹೊಸದಾಗಿ ಮದುವೆಯಾದವರು ಸಂಸಾರ ಹೂಡುತ್ತಾರೆ. ಆಗದವರು ಸಂಚು ಹೂಡುತ್ತಾರೆ, ತಂಟೆ ಹೂಡುತ್ತಾರೆ, ಕಡೆಗೆ ಕೋರ್ಟಿನಲ್ಲಿ ದಾವೆ ಹೂಡುತ್ತಾರೆ. ಕಾರ್ಮಿಕರು ಮುಷ್ಕರ ಹೂಡುತ್ತಾರೆ, ಚಳವಳಿಗಾರರು ಧರಣಿ ಹೂಡುತ್ತಾರೆ. ಪತ್ರಿಕೆಯ ವಾಣಿಜ್ಯ ಪುಟ ತೆರೆದರೆ ಹೂಡಿಕೆ, ಹೂಡಿಕೆದಾರ, ಬಂಡವಾಳ ಹೂಡಿಕೆ.

ಇದೆಲ್ಲ ಒಂದೇ ಪದವೋ, ಒಂದೇ ಉಚ್ಚಾರಕ್ಕೆ ಬಂದು ಕೂತ ಬೇರೆ ಬೇರೆ ಪದಗಳೋ? ನನಗೆ ಒಂದೇ ಪದ ಅನ್ನಿಸುತ್ತದೆ. ಹೂಡು ಎಂದರೆ ಬರೀ ಇಡುವುದಲ್ಲ, ಬರೀ ಕಟ್ಟುವುದೂ ಅಲ್ಲ. ಬಿಡಿಬಿಡಿಯಾಗಿದ್ದುದನ್ನು ಎಳೆತಕ್ಕೆ, ಭಾರಕ್ಕೆ ತಡೆಯುವ ಹಾಗೆ ಜೋಡಿಸಿ ಕೆಲಸಕ್ಕೆ ಅಣಿ ಮಾಡುವುದು. ಬಲ್ಲವರು ಹೇಳಿ. ನಿಮ್ಮ ಊರಿನಲ್ಲಿ ಈ ಮಾತು ಯಾವ ಯಾವುದಕ್ಕೆ ಬಳಕೆಯಲ್ಲಿದೆ ಎಂಬುದನ್ನೂ ಬರೆಯಿರಿ.

ಕಪ್ಪುಮಣ್ಣು (ಗದಗ)

ಅಣ್ಣಾರ, ಭಾಳ ಚಲೋ ಪ್ರಶ್ನೆ ಎತ್ತೀರಿ. ನಮ್ಮ ಕಡೆ ‘ಗಳೇ ಹೂಡೂದು’ ಅಂದ್ರ ಎತ್ತಿನ ಕೊಳ್ಳಮ್ಯಾಲ ನೊಗಾ ಇಟ್ಟು ಹೊಡಕೊಂಡು ಹೋಗೂದಲ್ಲ. ನೀವು ‘ಎಳೆತಕ್ಕೆ ತಡೆಯುವ ಹಾಗೆ’ ಅಂದಿದ್ದು ಖರೇ ಐತಿ, ಅದನ್ನ ಬಿಡಿಸಿ ಹೇಳ್ತೇನಿ.

ಹಿರ್ಯಾರು ಮೊದಲ ನೊಗದ ಒಂದು ತುದಿ ಎತ್ತಿ ಹಿಡೀತಾರ. ಪಳಗಿದ ಎತ್ತು ಕರದ್ರ ತಾನ ತಲಿ ಬಗ್ಗಿಸಿ ಒಳಗ ಬರ್ತದ. ಜತಗಿನ ಗಂಗೆದೊಗಲಿನ (ಕೊರಳಾಗ ಜೋತಾಡೂ ತೊಗಲು) ಕೆಳಗಿಂದ ಹಾಯಿಸಿ ನೊಗದ ಗೂಟಕ್ಕ ಸಿಗಸ್ತಾರ. ಬಿಗಿ ಆದ್ರ ಎತ್ತಿಗೆ ಉಸರು ಹಿಡೀತದ, ಸಡ್ಲ ಆದ್ರ ನೊಗಾ ಇಣಿಗೆ (ಹೆಗಲಮ್ಯಾಲಿನ ಡುಬ್ಬ) ತಿಕ್ಕಿ ಹುಣ್ಣಾಗ್ತದ. ಬಳ್ಳು (ಬೆರಳು) ಹಾಕಿ ನೋಡಿ, ಬಳ್ಳು ಹಿಡಿಯೂವಷ್ಟ ಸಡ್ಲ ಬಿಡ್ತಾರ.

ಆಮ್ಯಾಲ ಮಿಣಿ. ಈಸನ್ನ ನೊಗಕ್ಕ ಬಿಗಿಯೂ ಹಗ್ಗಕ್ಕ ಮಿಣಿ ಅಂತೇವಿ, ಮೊದಲ ತೊಗಲಿಂದ ಇರ್ತಿತ್ತು. ಈಸಿನ ತುದಿಗೆ ಕಚ್ಚು ಹೊಡದಿರ್ತಾರ. ಮಿಣಿ ಮುಂದಿನ ಕಚ್ಚಿಗೆ ಬಂದ್ರ ಕುಡ (ರಂಟಿಯ ಕಬ್ಬಿಣದ ಮೊನೆ) ಆಳಕ್ಕ ಇಳೀತದ, ಹಿಂದಿನ ಕಚ್ಚಿಗೆ ಬಂದ್ರ ಕುಡ ಮ್ಯಾಲ ಏಳ್ತದ. ಎರೀ ಹೊಲ ಹಸಿ ಇದ್ದಾಗ ಎಲ್ಲಿ ಬಿಗೀಬೇಕು, ಒಣಗಿದಾಗ ಎಲ್ಲಿ ಬಿಗೀಬೇಕು ಅನ್ನೂದು ಹೂಡಾವ್ಗ ಗೊತ್ತಿರ್ತದ. ಅಡ್ಡಕ್ಕೂ ಹಂಗ. ಮಿಣಿ ನೊಗದ ನಟ್ಟನಡುವ ಇದ್ರ ಎರಡೂ ಎತ್ತಿಗೆ ಸಮ ಭಾರ. ಒಂದು ಎತ್ತು ಸೊರಗಿದ್ರ ಮಿಣೀನ ಗಟ್ಟಿ ಎತ್ತಿನ ಕಡಿಗೆ ಸ್ವಲ್ಪ ಸರಸ್ತಾರ. ಸೊರಗಿದ್ದಕ್ಕ ನೊಗದ ಉದ್ದನ ತೋಳು ಸಿಗ್ತದ, ಅದರ ಪಾಲಿನ ಎಳತ ಕಮ್ಮಿ ಆಗ್ತದ. ಇಷ್ಟೆಲ್ಲಾ ಮುಗದ ಮ್ಯಾಲ ‘ಹೂಡಿದ’ ಅಂತೇವಿ. ಬರೀ ಕಟ್ಟಿದ್ರ ಅದು ಹೂಡಿದಂಗಲ್ಲ.

ಇದರ ಉಲ್ಟಾ ಮಾತು ‘ಕೊಳ್ಳ ಹರಿಯೂದು’. ಹೊತ್ತೇರಿದ ಮ್ಯಾಲ ಕೊಳ್ಳ ಹರದು ಎತ್ತು ನೀರಿಗೆ ಬಿಡ್ತಾರ. ಇದನ್ನೂ ನಿಮ್ಮ ಪಟ್ಟಿಗೆ ಸೇರಸ್ರಿ.

ಪದಬೇರು (ಮೈಸೂರು)

ಬದುವಿನಂಚು ಅವರ ಊಹೆ ಸರಿಯಾದ ದಾರಿಯಲ್ಲಿದೆ. ಇದು ಒಂದೇ ಪದ, ತುಂಬ ಹಳೆಯ ದ್ರಾವಿಡ ಪದ.

ಹಳಗನ್ನಡದಲ್ಲಿ ಇದರ ರೂಪ ‘ಪೂಡು’. ಪಾಲ್ ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪೂಡು ಹೂಡಾಯಿತು. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಪಕಾರ ಹಕಾರವಾಗುವುದನ್ನು ಗುರುತಿಸಬೇಕಾಯಿತು; ಅಷ್ಟರೊಳಗೆ ಆ ಬದಲಾವಣೆ ಜೋರಾಗಿ ನಡೆದಿತ್ತು. ತಮಿಳು ಮಲಯಾಳಗಳಲ್ಲಿ ಪಕಾರ ಹಾಗೆಯೇ ಉಳಿದಿದೆ. ಅಲ್ಲಿ ಇದರ ಒಡಹುಟ್ಟು ‘ಪೂಟ್ಟು’.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ‘ಪೂಣ್’ ಎಂಬ ಮೂಲ ಸಿಗುತ್ತದೆ. ಪೂಣ್ ಎಂದರೆ ತಾನೇ ಸೇರಿಕೊಳ್ಳು, ಹೆಗಲಿಗೆ ಏರಿಸಿಕೊಳ್ಳು, ವಹಿಸಿಕೊಳ್ಳು. ಪೂಡು ಎಂದರೆ ಇನ್ನೊಂದನ್ನು ಹಾಗೆ ಸೇರಿಸು, ಅದರ ಮೇಲೆ ಹೇರು. ಈ ಜೋಡಿ ಕನ್ನಡದವರಿಗೆ ಹೊಸದಲ್ಲ. ಉಣ್ ಎಂದರೆ ತಾನು ತಿನ್ನು, ಊಡು ಎಂದರೆ ಇನ್ನೊಬ್ಬರಿಗೆ ಉಣಿಸು. ‘ಹಾಲೂಡು’ ಎನ್ನುವಾಗ ಇರುವುದು ಇದೇ ಊಡು. ಅದರಿಂದ ಬಂದ ಹೆಸರು ಊಟ. ಅದೇ ಅಚ್ಚಿನಲ್ಲಿ ಪೂಣ್, ಪೂಡು, ಅದರಿಂದ ಹೂಟ. ಕೂಡು–ಕೂಟ, ನೋಡು–ನೋಟ, ಓಡು–ಓಟದ ಸಾಲಿನಲ್ಲೇ ಹೂಡು–ಹೂಟ ನಿಲ್ಲುತ್ತದೆ. ಹಾಗಾಗಿ ‘ಏನೋ ಹೂಟ ನಡೆಸಿದ್ದಾನೆ’ ಎನ್ನುವಾಗಿನ ಹೂಟಕ್ಕೂ ಎತ್ತಿನ ನೊಗಕ್ಕೂ ನೇರ ನಂಟಿದೆ.

ಪೂಣ್ ಹೊಸಗನ್ನಡದಲ್ಲಿ ಕ್ರಿಯಾಪದವಾಗಿ ಬಹುಮಟ್ಟಿಗೆ ಮರೆಯಾಗಿದೆ. ಹಳೆಯ ಕಾವ್ಯ ಓದುವವರಿಗೆ ‘ಪೂಣ್ಕೆ’ ಗೊತ್ತಿರುತ್ತದೆ, ಅಂದರೆ ಪ್ರತಿಜ್ಞೆ. ನಡುಗನ್ನಡದ ‘ಹೂಣಿಗ’ ಎಂದರೆ ಶಪಥ ತೊಟ್ಟ ವೀರ. ತೆಲುಗಿನಲ್ಲಿ ‘ಪೂನು’ ಇಂದಿಗೂ ಜೀವಂತ; ‘ಪೂನಿಕ’ ಎಂದರೆ ಕೈಹಿಡಿದ ಕೆಲಸ ಬಿಡದ ಛಲ.

ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟಿನಲ್ಲಿ (1961, ಪರಿಷ್ಕೃತ ಮುದ್ರಣ 1984) ಇವೆಲ್ಲ ಒಂದೇ ಗುಂಪಿನಲ್ಲಿವೆ. ಅದರ ಕನ್ನಡ ಭಾಗಕ್ಕೆ ದೊಡ್ಡ ಆಧಾರ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು.

ಹಸಿರುಪೈರು (ದಾವಣಗೆರೆ)

‘ಹೂ’ ಮತ್ತು ‘ಹೂಡು’ಗೆ ಸಂಬಂಧ ಇದೆಯಾ ಸರ್? ಉಳುಮೆಗೆ ಮೊದಲು ಎತ್ತಿಗೆ, ನೇಗಿಲಿಗೆ ಹೂ ಏರಿಸಿ ಪೂಜೆ ಮಾಡುತ್ತಾರಲ್ಲ, ಅದರಿಂದ ಬಂತು ಅಂತ ನಮ್ಮೂರಲ್ಲಿ ಹೇಳುವುದನ್ನು ಕೇಳಿದ್ದೇನೆ. ಇನ್ನೊಂದು, ಬಳ್ಳಾರಿ ಕಡೆಯ ಗೆಳೆಯರೊಬ್ಬರು ತೆಲುಗಿನಲ್ಲಿ ‘ಪೂಡು’ ಎಂಬ ಪದವೇ ಇದೆ ಎನ್ನುತ್ತಾರೆ. ಅದು ಹಳಗನ್ನಡದ ಪೂಡುವೇ ತಾನೆ?

ತುಂಗಭದ್ರೆದಂಡೆ (ಕಂಪ್ಲಿ)

ಎರಡನೆಯದಕ್ಕೆ ನಾನು ಉತ್ತರ ಕೊಡುತ್ತೇನೆ, ಮನೆಯಲ್ಲಿ ಎರಡೂ ಭಾಷೆ ಆಡುವವರು ನಾವು.

ತೆಲುಗಿನ ಪೂಡು ನೋಡಲು ಹಾಗೆಯೇ ಇದೆ, ಆದರೆ ಅದು ನಮ್ಮ ‘ಹೂಳು’ವಿನ ಅಣ್ಣತಮ್ಮ, ‘ಹೂಡು’ವಿನದಲ್ಲ. ‘ಬಾವಿ ಪೂಡಿಪೋಯಿಂದಿ’ ಎಂದರೆ ಬಾವಿ ಹೂತುಹೋಯಿತು, ಮುಚ್ಚಿಹೋಯಿತು. ‘ಪೂಡ್ಚು’ ಎಂದರೆ ಹೂಳು, ಮುಚ್ಚು. ‘ಪೂಡಿಕ’ ಎಂದರೆ ಕೆರೆಯಲ್ಲಿ ತುಂಬಿದ ಹೂಳು. ಕನ್ನಡದವರು ಹೂಳೆತ್ತುತ್ತಾರೆ, ತೆಲುಗರು ಪೂಡಿಕ ತೆಗೆಯುತ್ತಾರೆ.

ಹೀಗಾಗಲು ಕಾರಣ ಹಳಗನ್ನಡದ ೞಕಾರ. ಆ ಅಕ್ಷರ ಇದ್ದ ಕಡೆ ಕನ್ನಡದಲ್ಲಿ ಈಗ ಳ ಬಂದಿದೆ, ತೆಲುಗಿನಲ್ಲಿ ಡ ಬಂದಿದೆ. ನಮ್ಮ ಏಳು ಅವರಿಗೆ ಏಡು, ನಮ್ಮ ಕೋಳಿ ಅವರಿಗೆ ಕೋಡಿ. ಹಾಗೆಯೇ ನಮ್ಮ ಹೂಳು ಅವರಿಗೆ ಪೂಡು. ಹೂಡುವುದಕ್ಕೆ ತೆಲುಗಿನಲ್ಲಿ ‘ಪೂನ್ಚು’ ಇದೆ, ಬಂಡಿಗೆ ಎತ್ತು ಪೂನ್ಚುವುದು. ಪದಬೇರು ಅವರು ಹೇಳಿದ ಪೂನುವಿನಿಂದ ಬಂದದ್ದು ಅದು.

ಎರಡು ಭಾಷೆಯ ಪದಗಳನ್ನು ಹೋಲಿಸುವವರು ಇಂಥ ಕಡೆ ಅಕ್ಷರಗಳ ಲೆಕ್ಕ ನೋಡಲೇಬೇಕು. ಕಿವಿಗೆ ಒಂದೇ ಥರ ಕೇಳುವುದು ಸಾಕಾಗುವುದಿಲ್ಲ.

ಪದಬೇರು (ಮೈಸೂರು)

ಕಂಪ್ಲಿಯವರು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ.

ಹೂವಿನ ವಿಷಯ: ಸಂಬಂಧ ಇಲ್ಲ. ಹೂವಿನ ಮೂಲ ರೂಪ ‘ಪೂ’, ಅಷ್ಟೇ. ನಮ್ಮ ಪದದ ಮೂಲದಲ್ಲಿ ಣಕಾರವಿದೆ, ಅದು ತಮಿಳು, ಮಲಯಾಳ, ಹಳಗನ್ನಡ ಮೂರರಲ್ಲೂ ಸಾಕ್ಷಿ ಸಮೇತ ಉಳಿದಿದೆ. ಎತ್ತಿಗೆ ಹೂ ಏರಿಸುವ ಪದ್ಧತಿ ಚೆಂದದ್ದು, ಆದರೆ ಪದ ಅದರಿಂದ ಹುಟ್ಟಿದ್ದಲ್ಲ.

ಗಡಿಮನೆ (ಕಾಸರಗೋಡು)

ನಮ್ಮಲ್ಲಿ ಮನೆಯೊಳಗೆ ಕನ್ನಡ, ಪೇಟೆಗೆ ಹೋದರೆ ಮಲಯಾಳ. ಅಂಗಡಿ ಮುಚ್ಚಿದ್ದರೆ ‘ಪೂಟ್ಟಿ’ ಎನ್ನುತ್ತಾರೆ. ಪೂಟ್ಟ್ ಎಂದರೆ ಬೀಗ. ಅದೇ ಮಲಯಾಳದಲ್ಲಿ ‘ನಿಲಂ ಪೂಟ್ಟುಕ’ ಎಂದರೆ ಗದ್ದೆ ಉಳುವುದು. ಮಲಪ್ಪುರಂ, ಪಾಲಕ್ಕಾಡ್ ಕಡೆ ಕೊಯ್ಲಾದ ಮೇಲೆ ಕೆಸರುಗದ್ದೆಯಲ್ಲಿ ಎತ್ತುಗಳನ್ನು ಓಡಿಸುವ ಪಂದ್ಯದ ಹೆಸರೇ ‘ಕಾಳಪೂಟ್ಟ್’. ಕಾಳ ಎಂದರೆ ಎತ್ತು. ಕನ್ನಡಕ್ಕೆ ಅಕ್ಷರ ಅಕ್ಷರವಾಗಿ ತಂದರೆ ಎತ್ತಿನ ಹೂಟ.

ಬೀಗಕ್ಕೂ ಉಳುಮೆಗೂ ಒಂದೇ ಮಾತು ಹೇಗೆ ಎಂಬ ಪ್ರಶ್ನೆಗೆ ಗದಗದ ಅಣ್ಣನವರ ವಿವರಣೆ ಉತ್ತರ ಕೊಡುತ್ತದೆ. ಗೂಟಕ್ಕೆ ಜತ್ತಿಗೆ ಸಿಕ್ಕಿಸಿ ಎತ್ತು ಕಳಚಿಕೊಳ್ಳದ ಹಾಗೆ ಮಾಡುವುದು, ಚಿಲಕಕ್ಕೆ ಕೊಂಡಿ ಸಿಕ್ಕಿಸಿ ಬಾಗಿಲು ಕಳಚಿಕೊಳ್ಳದ ಹಾಗೆ ಮಾಡುವುದು, ಎರಡರಲ್ಲೂ ಕೈ ಮಾಡುವ ಕೆಲಸ ಒಂದೇ. ಕನ್ನಡ ಮಾತ್ರ ಬೀಗದ ಕಡೆಗೆ ಈ ಪದವನ್ನು ಒಯ್ಯಲಿಲ್ಲ.

ಹೊಸೂರುದಾರಿ (ಬೆಂಗಳೂರು)

ತಮಿಳಿನಲ್ಲೂ ಬೀಗಕ್ಕೆ ಪೂಟ್ಟು. ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ‘ದಿಂಡುಕ್ಕಲ್ ಪೂಟ್ಟು’ ಎಂದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ನಾನು ಸೇರಿಸಬೇಕೆಂದಿರುವುದು ಬಿಲ್ಲಿನ ವಿಷಯ. ಬದುವಿನಂಚು ಅವರು ‘ಬಾಣ ಹೂಡು’ ಎಂದು ಬರೆದಿದ್ದಾರೆ. ತಮಿಳಿನಲ್ಲಿ ಬಿಲ್ಲಿಗೆ ಹೆದೆ ಏರಿಸುವುದಕ್ಕೂ ಪೂಟ್ಟು ಎನ್ನುತ್ತಾರೆ. ಪದ್ಯದ ಅನ್ವಯ, ಅಂದರೆ ಅರ್ಥಕ್ಕಾಗಿ ಪದಗಳನ್ನು ಜೋಡಿಸಿಕೊಳ್ಳುವ ಬಗೆ, ಹೇಳುವಾಗ ತಮಿಳು ವ್ಯಾಕರಣ ಎಂಟು ಬಗೆಗಳನ್ನು ಎಣಿಸುತ್ತದೆ. ಅದರಲ್ಲಿ ಒಂದರ ಹೆಸರು ‘ಪೂಟ್ಟುವಿಲ್’, ಹೆದೆಯೇರಿಸಿದ ಬಿಲ್ಲು. ಪದ್ಯದ ಕೊನೆಯ ಮಾತನ್ನು ಎಳೆದು ತಂದು ಮೊದಲ ಮಾತಿಗೆ ಸೇರಿಸಿದರೆ ಮಾತ್ರ ಅರ್ಥವಾಗುವ ಪದ್ಯ ಅದು. 13ನೇ ಶತಮಾನದ ತಮಿಳು ವ್ಯಾಕರಣ ಗ್ರಂಥ ‘ನನ್ನೂಲ್’ ಇದನ್ನೇ ‘ವಿಱ್‌ಪೂಣ್’ ಎಂದು ಕರೆದಿದೆ. ಒಂದು ಕಡೆ ಪೂಟ್ಟು, ಇನ್ನೊಂದು ಕಡೆ ಪೂಣ್. ಪದಬೇರು ಅವರು ತೋರಿಸಿದ ಜೋಡಿ ಒಂದೇ ಪಾರಿಭಾಷಿಕ ಪದದ ಎರಡು ಹೆಸರುಗಳಲ್ಲಿ ಕೂತಿದೆ.

ಇನ್ನು ಪೂಣ್ ಎಂದರೆ ತೊಡು, ಧರಿಸು. ಜನಿವಾರಕ್ಕೆ ತಮಿಳಿನಲ್ಲಿ ‘ಪೂಣೂಲ್’, ಧರಿಸುವ ನೂಲು. ಹೆಗಲ ಮೇಲೆ ಏರುವ ನೂಲು, ಹೆಗಲ ಮೇಲೆ ಏರುವ ನೊಗ!

ಚೈತ್ರದಲ್ಲಿ ವರ್ಷದ ಮೊದಲ ಉಳುಮೆಗೆ ತಮಿಳುನಾಡಿನ ಹಳ್ಳಿಗಳಲ್ಲಿ ‘ಪೊನ್ನೇರ್ ಪೂಟ್ಟುದಲ್’ ಎಂಬ ಆಚರಣೆ ಇದೆ. ಪೊನ್ ಅಂದರೆ ಹೊನ್ನು, ಏರ್ ಅಂದರೆ ನೇಗಿಲು. ಕನ್ನಡದಲ್ಲಿ ಇದಕ್ಕೆ ಸಮನಾದದ್ದು ಇದೆಯೇ?

ರಾಗಿಕಣ (ಮದ್ದೂರು)

ಇದೆಯಾ ಅಂತ ಕೇಳ್ತಿದ್ದೀರಲ್ಲ, ಯುಗಾದಿ ದಿವಸ ನಮ್ಮ ಕಡೆಗೆ ಬನ್ನಿ. ‘ಹೊನ್ನಾರು’ ಅಂತ ಮಾಡ್ತೀವಿ. ಪಂಚಾಂಗ ನೋಡಿ ಯಾರ ಹೆಸರಿಗೆ ಬರುತ್ತೋ ಅವರ ಎತ್ತು ಮುಂದೆ, ಊರಿನ ಮಿಕ್ಕ ಆರುಗಳೆಲ್ಲ (ಆರು ಅಂದ್ರೆ ನೇಗಿಲು ಕಟ್ಟಿದ ಎತ್ತಿನ ಜೋಡಿ) ಹಿಂದೆ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲು ನೊಗಕ್ಕೆ ಪೂಜೆ ಮಾಡಿ ಮೊದಲ ಸಾಲು ಹೊಡೀತಾರೆ. ಮೈಸೂರು, ಮಂಡ್ಯ, ಚಾಮರಾಜನಗರ ಸುತ್ತ ಇನ್ನೂ ನಡೀತಿದೆ. ಹೊನ್ನು, ಆರು. ತಮಿಳಿನ ಏರ್ ನಮಗೆ ಆರು.

ಆದರೆ ಒಂದು ಮಾತು. ನಮ್ಮಲ್ಲಿ ‘ಆರು ಹೂಡು’ ಅನ್ನೋದಿಲ್ಲ, ‘ಆರು ಕಟ್ಟು’ ಅಂತೀವಿ. ‘ಆರು ಕಟ್ಟೋ ಹೊತ್ತು’, ‘ಆರು ಬಿಡೋ ಹೊತ್ತು’ ಅಂತ ಹೊತ್ತಿನ ಲೆಕ್ಕವೇ ಇತ್ತು. ಗಾಡಿಗೂ ಹೆಚ್ಚಾಗಿ ಕಟ್ಟು ಅನ್ನೋದೇ. ಹೂಡು ಅನ್ನೋದು ನಮಗೆ ಒಲೆಗೆ, ತಂಟೆಗೆ, ಕೇಸಿಗೆ. ಹಾಗಿದ್ದ ಮೇಲೆ ಎತ್ತಿನ ಅರ್ಥವೇ ಮೂಲ ಅಂತ ಹೇಗೆ ಹೇಳ್ತೀರಿ? ಒಲೆಯೇ ಯಾಕೆ ಮೂಲ ಆಗಬಾರದು? ಮೂರು ಕಲ್ಲಿನ ಒಲೆಯಲ್ಲಿ ಎಳೆತವೂ ಇಲ್ಲ, ನೊಗವೂ ಇಲ್ಲ.

ಬದುವಿನಂಚು (ಶಿಗ್ಗಾವಿ)

ರಾಗಿಕಣ ಅವರೇ, ಈ ಆಕ್ಷೇಪ ಬರಲಿ ಎಂದೇ ಕಾಯುತ್ತಿದ್ದೆ. ಮೂಲ ಯಾವುದು ಎಂಬುದಕ್ಕೆ ಒಂದು ಊರಿನ ಬಳಕೆ ಸಾಕ್ಷಿಯಲ್ಲ, ನನ್ನ ಊರಿನದೂ ಅಲ್ಲ. ಆದರೆ ತಮಿಳು, ಮಲಯಾಳ, ತೆಲುಗು, ಕನ್ನಡ ನಾಲ್ಕರಲ್ಲೂ ನೊಗದ ಅರ್ಥ ಇದೆ. ಒಲೆಯ ಅರ್ಥ ಕಾಣುವುದು ನಮ್ಮ ಕನ್ನಡದಲ್ಲಿ. ನಾಲ್ಕು ಮನೆಯಲ್ಲೂ ಇರುವ ಒಡವೆ ಅಜ್ಜಿಯದು ಎಂದು ತಿಳಿಯುವುದೇ ಸರಿ.

ಒಲೆಯಲ್ಲಿ ಎಳೆತ ಇಲ್ಲ, ನಿಜ. ಭಾರ ಇದೆ. ಮೂರು ಕಲ್ಲನ್ನು ಎಲ್ಲೋ ಇಟ್ಟರೆ ಒಲೆಯಾಗುವುದಿಲ್ಲ. ಗುಂಡಗಿನ ಪಾತ್ರೆಯ ತಳ ಮೂರರ ಮೇಲೂ ಕೂರಬೇಕು, ಅಂಬಲಿ ತಿರುವುವಾಗ ಅಲುಗಬಾರದು. ಹಾಗಾಗಿ ಕಲ್ಲು ‘ಇಡು’ ಅನ್ನುತ್ತೇವೆ, ಒಲೆ ‘ಹೂಡು’ ಅನ್ನುತ್ತೇವೆ.

ನನಗೆ ಹೊಸದಾಗಿ ಹೊಳೆದದ್ದು ಇನ್ನೊಂದಿದೆ. ಹೊಸೂರುದಾರಿ ಅವರು ಪೂಣ್‌ಗೆ ಧರಿಸು ಎಂಬ ಅರ್ಥ ಹೇಳಿದರು, ಪದಬೇರು ಅವರು ಪ್ರತಿಜ್ಞೆಯ ಅರ್ಥ ಹೇಳಿದರು, ಬಿಲ್ಲಿನ ಅರ್ಥ ಮೊದಲೇ ಇತ್ತು. ಈ ಮೂರೂ ಒಟ್ಟಿಗೆ ಬರುವ ಇನ್ನೊಂದು ಕನ್ನಡ ಪದವಿದೆ: ತೊಡು. ಅಂಗಿ ತೊಡು, ಬಾಣ ತೊಡು, ಪಣ ತೊಡು. ಕರ್ಣ ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಬಾಣವೂ ಇದೆ, ಶಪಥವೂ ಇದೆ, ಎರಡಕ್ಕೂ ತೊಡುವೇ ಒಪ್ಪುತ್ತದೆ. ಬೇರೆ ಬೇರಿನ ಎರಡು ಪದಗಳು ಒಂದೇ ದಾರಿ ಹಿಡಿದು ನಡೆದಿವೆ. ಮೈಮೇಲೆ ಏರಿಸಿಕೊಳ್ಳುವುದು, ಬಿಲ್ಲಿಗೆ ಏರಿಸುವುದು, ಮಾತಿಗೆ ಕಟ್ಟುಬೀಳುವುದು ನಮ್ಮ ಹಿರಿಯರ ಮನಸ್ಸಿನಲ್ಲಿ ಒಟ್ಟಿಗೇ ಇದ್ದವು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ?

ಸಂಜೆಗಾಳಿ (ಶಿರಸಿ)

ಸಂಸ್ಕೃತದ ‘ಯುಜ್’ ಧಾತುವೂ ಇದೇ ದಾರಿಯದು. ಯುಗ ಎಂದರೆ ನೊಗ. ಯೋಗ, ಉದ್ಯೋಗ, ನಿಯೋಗ ಎಲ್ಲ ಅದರಿಂದಲೇ. ದೂರದ ಅಳತೆಯಾದ ಯೋಜನ ಅಂದರೆ ಒಮ್ಮೆ ಹೂಡಿದ ಮೇಲೆ ಬಿಚ್ಚದೆ ಸಾಗುವಷ್ಟು ದಾರಿ. ಯೋಜನೆ ಎಂದರೆ ಉಪಾಯ, ನಮ್ಮ ಹೂಟದ ಹಾಗೆಯೇ. ಹೂಡು ಅದರಿಂದ ಬಂದಿರಬಹುದಲ್ಲವೇ?

ಪದಬೇರು (ಮೈಸೂರು)

ಬಂದಿಲ್ಲ. ಯುಜ್‌ನಿಂದ ಪೂಣ್ ಆಗಲು ಧ್ವನಿಯ ದಾರಿಯೇ ಇಲ್ಲ. ನೀವು ತೋರಿಸಿದ ಸಾಮ್ಯ ಮಾತ್ರ ತುಂಬ ಬೆಲೆಯುಳ್ಳದ್ದು, ಅದನ್ನು ಹಾಗೆಯೇ ಇಟ್ಟುಕೊಳ್ಳಿ. ಎತ್ತು ಕುದುರೆ ಕಟ್ಟಿ ಬಾಳಿದ ಜನ ಯಾವ ಭಾಷೆಯವರಾದರೂ ನೊಗದಿಂದಲೇ ಕೆಲಸಕ್ಕೆ, ಉಪಾಯಕ್ಕೆ, ವ್ರತಕ್ಕೆ ಹೆಸರು ಕಟ್ಟಿದ್ದಾರೆ. ಲ್ಯಾಟಿನ್ನಿನ ‘ಯುಗುಮ್’, ಇಂಗ್ಲಿಷಿನ ‘ಯೋಕ್’, ಹಿಂದಿಯ ‘ಜುವಾ’, ಮರಾಠಿಯ ‘ಜೂ’ ಇವು ನಿಮ್ಮ ಯುಗದ ನೆಂಟರು. ಹೂಡು ಇನ್ನೊಂದು ಮನೆತನದ್ದು.

ಕೋರ್ಟುಕಟ್ಟೆ (ಧಾರವಾಡ)

ನಾನು ವಕೀಲರ ಕಚೇರಿಯಲ್ಲಿ ಕನ್ನಡ ಕಾಗದಪತ್ರ ಬರೆಯುವವನು. ದಾವೆಯ ಬಗ್ಗೆ ಯಾರೂ ವಿವರಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಾವು ‘ಅರ್ಜಿ ಸಲ್ಲಿಸು’, ‘ಮೇಲ್ಮನವಿ ಸಲ್ಲಿಸು’ ಎಂದು ಬರೆಯುತ್ತೇವೆ. ‘ಅರ್ಜಿ ಹೂಡು’ ಎಂದು ಯಾರೂ ಬರೆಯುವುದಿಲ್ಲ. ದಾವೆ, ಮೊಕದ್ದಮೆ ಇವಕ್ಕೆ ಮಾತ್ರ ಹೂಡು. ಅರ್ಜಿ ಕೊಟ್ಟು ಮನೆಗೆ ಹೋಗಬಹುದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ದಾವೆ ಅಂದರೆ ವಾದಪತ್ರ, ಸಮನ್ಸು, ಪ್ರತಿವಾದಿಯ ಹೇಳಿಕೆ, ವಿವಾದಾಂಶ, ಸಾಕ್ಷಿ ಎಲ್ಲವೂ ಒಂದರ ಹಿಂದೊಂದು ಬರಬೇಕು. ವಾದಿ ಪ್ರತಿವಾದಿ ಇಬ್ಬರೂ ಅದಕ್ಕೆ ಕಟ್ಟುಬೀಳುತ್ತಾರೆ. ಹೂಡಿದ ದಿನವೂ ಮುಖ್ಯ. ಕೊಟ್ಟ ಸಾಲ ವಸೂಲಿಗೆ 1963ರ ಕಾಲಮಿತಿ ಕಾಯಿದೆಯಲ್ಲಿ 3 ವರ್ಷ, ಅದರೊಳಗೆ ಹೂಡಿರಬೇಕು.

ಬದುವಿನಂಚು ಅವರ ವಿವರಣೆ ಇಲ್ಲಿಗೆ ಚೆನ್ನಾಗಿ ಕೂರುತ್ತದೆ. ಹೂಡಿದ ಮೇಲೆ ಎಳೆಯಲೇಬೇಕು.

ನಾಳೆಬೆಳಗು (ಬೆಂಗಳೂರು)

ಹೂಡಿಕೆ ವಿಷಯಕ್ಕೂ ಇದೇ ಭೇದ ಕಾಣಿಸುತ್ತಿದೆ. ಬ್ಯಾಂಕಿನಲ್ಲಿ ದುಡ್ಡು ‘ಇಡುತ್ತೇವೆ’, ವ್ಯಾಪಾರದಲ್ಲಿ ದುಡ್ಡು ‘ಹೂಡುತ್ತೇವೆ’. ಇಟ್ಟ ದುಡ್ಡು ಕೂತಿರುತ್ತದೆ, ಹೂಡಿದ ದುಡ್ಡು ದುಡಿಯುತ್ತದೆ, ಕೆಲವೊಮ್ಮೆ ಸೊರಗುತ್ತದೆ. ತಮಿಳಿನಲ್ಲಿ ಹೂಡಿಕೆಗೆ ‘ಮುದಲೀಡು’, ತೆಲುಗಿನಲ್ಲಿ ‘ಪೆಟ್ಟುಬಡಿ’, ಮಲಯಾಳದಲ್ಲಿ ‘ನಿಕ್ಷೇಪಂ’. ಮೂರರಲ್ಲೂ ಇಡುವುದೇ ಮುಖ್ಯ. ನೊಗದ ಪದವನ್ನು ಹಣಕ್ಕೆ ತಂದವರು ಈ ನಾಲ್ವರಲ್ಲಿ ಕನ್ನಡಿಗರು ಮಾತ್ರ. ಇದನ್ನು ಮೊದಲು ಪತ್ರಿಕೆಗೆ ತಂದವರು ಯಾರೇ ಆಗಿರಲಿ, ಅವರಿಗೆ ನನ್ನ ನಮಸ್ಕಾರ. ಸಂಸ್ಕೃತದ ಗಟ್ಟಿ ಪದವೊಂದನ್ನು ಹೊಸೆದು ಹಾಕುವುದು ಸುಲಭವಿತ್ತು.

ಕೋಡಿಕಡಲು (ಕುಂದಾಪುರ)

ನಮ್ ಬದಿಗೆ ‘ಗದ್ದಿ ಹೂಡೂದ್’ ಅಂದ್ರೆ ಉಳೂದೇ. ಉಳುಮೆಗೆ ‘ಹೂಟಿ’ ಅಂತ್ರ್. ‘ಹೂಟಿ ಆಯ್ತಾ?’ ಅಂತ ಕೇಂಡ್ರೆ ಗದ್ದಿ ಕೆಲ್ಸ ಆಯ್ತಾ ಅಂತ ಅರ್ಥ. ಕಾಸರಗೋಡಿನವ್ರ ಪೂಟ್ಟಿಗೂ ನಮ್ ಹೂಟಿಗೂ ಒಂದೇ ಅರ್ಥ ಆಯ್ತ್ ಕಾಣಿ.

ಕಂಬಳದ ವಿಚಾರ ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಕೋಣಗಳು ಅವೇ, ನೊಗ ಅದೇ. ನೊಗಕ್ಕೆ ಏನು ಜೋಡಿಸುತ್ತಾರೆ ಎಂಬುದರ ಮೇಲೆ ವಿಭಾಗ. ‘ಹಗ್ಗ’ದಲ್ಲಿ ನೊಗಕ್ಕೆ ನೇರವಾಗಿ ಹಗ್ಗ ಕಟ್ಟಿ ಓಡಿಸುವವ ಅದನ್ನು ಹಿಡಿದು ಹಿಂದೆ ಓಡುತ್ತಾನೆ. ‘ನೇಗಿಲು’ ವಿಭಾಗದಲ್ಲಿ ಓಟಕ್ಕೆಂದೇ ಮಾಡಿದ ಹಗುರ ನೇಗಿಲು. ‘ಅಡ್ಡಹಲಗೆ’ಯಲ್ಲಿ ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಲ್ಲಬೇಕು. ‘ಕನೆಹಲಗೆ’ಯದು ತೂತುಗಳಿರುವ ಸಣ್ಣ ಮರದ ತುಂಡು, ಅದರ ಮೇಲೆ ಒಂದು ಕಾಲೂರಿ ನಿಂತರೆ ತೂತಿನಿಂದ ನೀರು ಚಿಮ್ಮುತ್ತದೆ, ಮೇಲೆ ಕಟ್ಟಿದ ನಿಶಾನೆಗೆ ಆ ನೀರು ಮುಟ್ಟಬೇಕು. ನಾಲ್ಕೂ ಗದ್ದೆಯ ಕೆಲಸದಿಂದಲೇ ಬಂದವು, ಉಳುವುದು ಮತ್ತು ಕೆಸರು ಸಮ ಮಾಡುವುದು. ಹೂಡುವ ಬಗೆ ಬದಲಾದರೆ ಓಟವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಕಪ್ಪುಮಣ್ಣು (ಗದಗ)

ಒಂದು ಮಾತು ಸೇರಸ್ತೇನಿ. ಟ್ರ್ಯಾಕ್ಟರಿಗೆ ಯಾರೂ ಹೂಡೂದು ಅನ್ನೂದಿಲ್ಲ. ‘ಟ್ರ್ಯಾಕ್ಟರ್ ಹೊಡಸಿದ್ವಿ’, ‘ರಂಟಿ ಹೊಡಸಿದ್ವಿ’ ಅಂತೇವಿ. ಅದರ ಹಿಂದ ಕಬ್ಬಿಣದ ರಂಟಿ ಸಿಗಸೂದಕ್ಕ ‘ಜೋಡಸೂದು’. ಎತ್ತು ಕಡಿಮಿ ಆದಂಗ ಹೊಲದಾಗ ಈ ಮಾತೂ ಕಡಿಮಿ ಆಗಾಕತ್ತೇತಿ. ಹೊಲದ ಅಳತಿಯೊಳಗ ಮಾತ್ರ ಇನ್ನೂ ಎತ್ತಿನ ಗುರುತು ಉಳದೈತಿ. ‘ಒಂದು ಕೂರಿಗಿ ಹೊಲ’ ಅಂದ್ರ ನಮ್ಮ ಕಡೆ ಸುಮಾರು 4 ಎಕರೆ.

ಅಣ್ಣಾರ, ನೀವು ಪಟ್ಟಿ ಮಾಡಾಕತ್ತೀರಲ್ಲ, ಬರೇ ಪದ ಬರೀಬ್ಯಾಡ್ರಿ. ಹೂಡು ಗೊತ್ತಿದ್ದವ್ರು ಇನ್ನೂ ಅದಾರ. ಅವರು ಮಿಣಿ ಬಿಗಿಯೂ ಗಂಟು, ಕಚ್ಚಿನ ಲೆಕ್ಕ ಎಲ್ಲಾ ವಿಡಿಯೋ ಮಾಡಿ ಇಡ್ರಿ.

ಬದುವಿನಂಚು (ಶಿಗ್ಗಾವಿ)

ಖಂಡಿತ ಮಾಡುತ್ತೇನೆ. ಗಂಟುಗಳಿಗೆ ಬೇರೆ ಬೇರೆ ಹೆಸರಿದ್ದರೆ ಅದನ್ನೂ ದಯವಿಟ್ಟು ಕೇಳಿ ತಿಳಿಸಿ.

ಒಂದು ಬಳಕೆ ಚರ್ಚೆಗೆ ಬಾರದೆ ಉಳಿದಿದೆ: ‘ಠಿಕಾಣಿ ಹೂಡು’. ಠಿಕಾಣಿ ಮರಾಠಿಯ ‘ಠಿಕಾಣ’, ಜಾಗ ಎಂದರ್ಥ. ಹೊರಗಿನ ಪದಕ್ಕೆ ನಮ್ಮ ಹೂಡು ಹೇಗೆ ಅಂಟಿತು? ಡೇರೆ ಹಾಕುವ ಕೆಲಸ ಬಲ್ಲವರು ಯಾರಾದರೂ ಇದ್ದೀರಾ?

ಡೇರೆಗಂಬ (ಬಾದಾಮಿ)

ನಾ ಅದೇನ್ರಿ. ಬನಶಂಕರಿ ಜಾತ್ರಿಗೆ ನಾಟಕ ಕಂಪನಿ ಬರ್ತಾವ, ಅವುಗಳ ಥೇಟರ್ ಎಬ್ಬಸೂ ಕೆಲಸ ಮಾಡೀನಿ. ‘ಕಂಪನಿ ಠಿಕಾಣಿ ಹೂಡ್ತು’ ಅಂತನ ನಮ್ಮೂರಾಗ ಮಾತು.

ಡೇರೆ ಎಬ್ಬಸೂದು ಎತ್ತು ಹೂಡಿದಂಗ ಇರ್ತದ. ನಡುವಿನ ಕಂಬ ನಿಲ್ಲಿಸಿ ನಾಕೂ ದಿಕ್ಕಿಗೆ ಹಗ್ಗ ಬಿಡ್ತೇವಿ. ಗೂಟ ನೆಟ್ಟಗ ಹೊಡಿಯಂಗಿಲ್ಲ, ಕಂಬದ ಕಡಿಗೆ ಬೆನ್ನು ಮಾಡಿ ಓರಿ ಹೊಡೀಬೇಕು. ನೆಟ್ಟಗ ಹೊಡದ್ರ ಗಾಳಿಗೆ ಹಗ್ಗ ಎಳದಾಗ ಗೂಟ ಕಿತ್ತು ಬರ್ತದ. ಎದುರಾ ಬದುರಾ ಹಗ್ಗಾ ಒಮ್ಮೆಲೆ ಬಿಗೀಬೇಕು. ಒಂದು ಕಡಿ ಮೊದಲ ಬಿಗದ್ರ ಕಂಬ ಆ ಕಡಿ ವಾಲ್ತದ. ರಾತ್ರಿ ಇಬ್ಬನಿ ಬಿದ್ರ ನೂಲಿನ ಹಗ್ಗ ಬಿರುಸಾಗ್ತದ, ಆಗ ಎದ್ದು ಸಡ್ಲ ಮಾಡಬೇಕು. ಬಿಸಲಿಗೆ ಜೋತು ಬಿದ್ರ ಮತ್ತ ಬಿಗೀಬೇಕು. ಈಗ ನೈಲಾನ್ ಹಗ್ಗ ಬಂದಾವ, ಆ ಕೆಲಸ ಕಮ್ಮಿ ಆಗೇತಿ.

ಗೂಟದ ಹಗ್ಗಕ್ಕ ಹಾಕೂ ಗಂಟು, ನಮ್ಮಪ್ಪ ಮಿಣಿಗೆ ಹಾಕ್ತಿದ್ದ ಗಂಟು ಎರಡೂ ಒಂದ. ಎಷ್ಟು ಜಗ್ಗಿದ್ರೂ ಜಾರಂಗಿಲ್ಲ, ಒಂದು ತುದಿ ಜಗ್ಗಿದ್ರ ಸಟ್ನ ಬಿಚ್ತದ. ಅದಕ್ಕ ನಾವು ಸರಗಂಟು ಅನ್ನಂಗಿಲ್ಲ, ಸರಗಂಟು ಎತ್ತಿನ ಕೊಳ್ಳಿಗೆ ಹಾಕಬಾರದು, ಜಗ್ಗಿದಷ್ಟೂ ಬಿಗೀತದ. ಜಾತ್ರಿ ಮುಗದ ಮ್ಯಾಲ ಹಗ್ಗ ಬಿಡುವಿರ್ತಾವ, ಆಗ ಹಾಕೂದು ಬಿಚ್ಚೂದು ಎರಡೂ ವಿಡಿಯೋ ಮಾಡಿ ಇಲ್ಲೇ ಹಾಕ್ತೇನಿ.